ನಿಸರ್ಗ ರಕ್ಷಣೆಗಾಗಿ ಬಾಲಿಕೆಯರಿಗೆ ಕೊಡತಕ್ಕ ಸಣ್ಣ ಗ್ರಾಂಟುಗಳು

ಗ್ರಾಂಟು ಎಂಬ ಮಾತು ನಮ್ಮಂತಹ ಶಾಲೆಗಳಿಗೆ ಹೊಸದೇನೂ ಅಲ್ಲ. 1854ನೆಯ ಇಸವಿಯಲ್ಲಿ ಸರ್ ಚಾರ್ಲ್ಸ್ ವುಡ್ ಎಂಬವರ ಶಿಕ್ಷಣಪತ್ರವು ಹೊರಟ ತರುವಾಯ, ಖಾಸಗಿಯವರು ನಡೆಯಿಸುವ ಪಾಠಶಾಲೆಗಳಿಗೆ ಸರ್ಕಾರದವರು ದ್ರವ್ಯಸಹಾಯ ಮಾಡುವ ಪದ್ಧತಿಯು ಈ ದೇಶದಲ್ಲಿ ನೆಲೆಗೊಂಡಿತು. ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು. ಮಿಶನ್ ಶಾಲೆಯಲ್ಲಿ ಓದಿ, ಮಿಶನ್ ಶಾಲೆಯಲ್ಲಿಯೇ ಕಲಿಸುತ್ತ ಬಂದಿರುವ ನಮಗೆ ಗ್ರಾಂಟಿನ ರುಚಿಯೂ ಗೊತ್ತು, ಅದರ ಕಟ್ಟುನಿಟ್ಟೂ ಗೊತ್ತು. ಇನ್‌ಸ್ಪೆಕ್ಟರು ಬರುವ ದಿವಸ ಹಾಜರಿ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಬಾಗಿಲ ಕಡೆಗೆ ನೋಡುತ್ತಿದ್ದ ನಮ್ಮ ಗುರುಗಳನ್ನು ನೆನೆದರೆ ಈಗಲೂ ನಗು ಬರುವುದು. ಗ್ರಾಂಟು ಎಂದರೆ ಬರಿಯ ದಾನವಲ್ಲ. ಒಂದು ಉದ್ದೇಶಕ್ಕೆಂದು ಕೊಟ್ಟು, ಅದಕ್ಕೆ ನಿಬಂಧನೆಯನ್ನು ಹಾಕಿ, ಕಡೆಗೆ ಲೆಕ್ಕವನ್ನು ಕೇಳುವ ಹಣ ಅದು. ಈ ಲೇಖನದಲ್ಲಿ ಹೇಳತಕ್ಕ ವಿಷಯವಾದರೋ ಶಾಲೆಗೆ ಬರುವ ಗ್ರಾಂಟಲ್ಲ, ಹುಡುಗಿಯರ ಕೈಗೇ ಬರುವ ಗ್ರಾಂಟು.

ಇದನ್ನು ಬರೆಯಲು ಕಾರಣವುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು, ಸವಳಂಗ ರಸ್ತೆಯಲ್ಲಿ ಹಾದುಹೋಗುವಾಗ ಶಾಲೆಯೊಳಕ್ಕೆ ಬಂದು, ಅಂಗಡಿಗಳೂ ಆಸ್ಪತ್ರೆಗಳೂ ಹೆಚ್ಚಿ ನೆರಳು ಕಡಿಮೆಯಾದುದನ್ನು ಕಂಡು ಮರುಗಿ, “ನಾವೆಲ್ಲ ಸೇರಿ ಸ್ವಲ್ಪ ಹಣ ಕೊಡುತ್ತೇವೆ, ಗಿಡ ನೆಡಿಸಿರಿ” ಎಂದು ಹೇಳಿರುವರು. ಅದೇ ಕಾಲದಲ್ಲಿ ಪೋಷಕರಲ್ಲಿ ಕೆಲವರು, “ಹೈಸ್ಕೂಲಿನ ಹುಡುಗಿಗೆ ಈ ಗಿಡ, ಕೆರೆ, ಹಕ್ಕಿಗಳ ಉಸಾಬರಿ ಏತಕ್ಕೆ?” ಎಂದೂ ಕೇಳಿರುವರು. ಇಬ್ಬರ ಮಾತೂ ನಮ್ಮ ಮೇಲಿನ ವಿಶ್ವಾಸದಿಂದ ಹುಟ್ಟಿದುದೇ. ಇಬ್ಬರಿಗೂ ಒಂದೇ ಉತ್ತರವನ್ನು ಕೊಡಲು ಸಾಧ್ಯವೋ ಎಂದು ನೋಡೋಣ.

ಮೊದಲು, ಇಂತಹ ಗ್ರಾಂಟುಗಳು ಲೋಕದಲ್ಲಿ ಎಲ್ಲೆಲ್ಲಿ ಯಾವ ರೀತಿಯಲ್ಲಿ ಉಂಟೆಂಬುದನ್ನು ತಿಳಿಯುವುದು ಒಳ್ಳೆಯದು. 1985ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಯೋಜನೆಯು ಪ್ರಾರಂಭವಾಯಿತು. ಈಗ ಅದಕ್ಕೆ ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ಎಂದು ಹೆಸರು. ಮೊದಮೊದಲು ಅಲ್ಲಿಯ ವಿಶ್ವವಿದ್ಯಾನಿಲಯಗಳ ತರುಣರು ದೂರದೇಶಗಳಿಗೆ ಹೋಗಿ ಅಳಿವಿಗೆ ಸಮೀಪವಾದ ಪ್ರಾಣಿಪಕ್ಷಿಗಳನ್ನು ಶೋಧಿಸುವುದಕ್ಕೆ ಈ ಹಣವು ಒದಗುತ್ತಿತ್ತು. ಕಾಲಕ್ರಮದಲ್ಲಿ, ಆಯಾ ದೇಶದ ತರುಣರಿಗೇ ಕೊಟ್ಟರೆ ಕೆಲಸವು ನಿಲ್ಲುವುದೆಂದು ಅರಿತು, ಹಾಗೆಯೇ ಮಾಡತೊಡಗಿದರು. ಇದು ಸಾಮಾನ್ಯವಾದ ಅರಿವಲ್ಲ. ಹೊರಗಿನಿಂದ ಬಂದವರು ಹೊರಟುಹೋಗುತ್ತಾರೆ, ಊರಿನವರು ಊರಿನಲ್ಲಿರುತ್ತಾರೆ. 1991ರಲ್ಲಿ ಆಫ್ರಿಕಾದ ದಾರ್ ಎಸ್ ಸಲಾಮ್ ಪಟ್ಟಣದಲ್ಲಿ, ಚಿಂಪಾಂಜಿಗಳ ಜೀವನವನ್ನು ಅಭ್ಯಸಿಸಿ ಲೋಕಪ್ರಸಿದ್ಧರಾದ ಜೇನ್ ಗುಡಾಲ್ ಎಂಬ ಮಹಿಳೆಯು 12 ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ‘ಬೇರುಗಳೂ ಚಿಗುರುಗಳೂ’ ಎಂಬರ್ಥದ ಹೆಸರಿನ ಸಂಘವನ್ನು ಪ್ರಾರಂಭಿಸಿದರು. ತಮ್ಮ ಊರಿನಲ್ಲಿ ಏನು ಕೆಟ್ಟಿದೆಯೆಂಬುದನ್ನು ಮಕ್ಕಳೇ ಹೇಳಬೇಕು, ಮಕ್ಕಳೇ ಅದಕ್ಕೆ ಉಪಾಯವನ್ನು ಹುಡುಕಬೇಕು ಎಂಬುದು ಅದರ ನಿಯಮ. ಆಕೆ 2025ರಲ್ಲಿ ತೀರಿಕೊಂಡರು. ಸಂಘವು ಅನೇಕ ದೇಶಗಳಲ್ಲಿ ನಡೆಯುತ್ತಿದೆ.

ನಮ್ಮ ಸಹ್ಯಾದ್ರಿಯ ಸೀಮೆಯೂ ಇಂತಹ ಹಣವನ್ನು ಕಾಣದೆ ಇಲ್ಲ. 2008ರಿಂದ ಕೆಲವು ವರ್ಷಗಳ ತನಕ ಪಶ್ಚಿಮ ಘಟ್ಟಗಳ ಜೀವಸಂಪತ್ತಿನ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ನಿಧಿಯಿಂದ ಬಂದ ದೊಡ್ಡ ಹಾಗೂ ಸಣ್ಣ ಗ್ರಾಂಟುಗಳನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯು ನೋಡಿಕೊಂಡಿತು. ಇಂಗ್ಲೆಂಡಿನ ರಫರ್ಡ್ ಪ್ರತಿಷ್ಠಾನದವರು ಕೊಡುವ ಸಣ್ಣ ಗ್ರಾಂಟುಗಳಿಂದ ಈ ಘಟ್ಟಗಳಲ್ಲಿ ಕೆಲಸಮಾಡಿದ ತರುಣ ತರುಣಿಯರು ಬಹುಮಂದಿ. ಅವರ ಪದ್ಧತಿಯಲ್ಲಿ ನಮಗೆ ಹಿಡಿಸಿದ ಅಂಶವೊಂದುಂಟು: ಮೊದಲು ಸಣ್ಣ ಮೊತ್ತವನ್ನು ಕೊಡುವರು, ಆ ಕೆಲಸದ ವರದಿಯು ಸರಿಯೆನಿಸಿದರೆ ಮಾತ್ರ ಎರಡನೆಯದು, ಅದರ ಮೇಲೆ ಮೂರನೆಯದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನವುಲೆಯ ಕೃಷಿ ಕಾಲೇಜಿನಲ್ಲಾಗಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಾಗಲಿ ಓದುತ್ತಿರುವವರು ಈ ಕಡೆಗೆ ಗಮನ ಕೊಡಬೇಕೆಂದು ಕೋರುತ್ತೇವೆ. ವಯಸ್ಸಿಗೆ ಬಂದವರಿಗೆ ಆ ಬಾಗಿಲುಗಳು ತೆರೆದಿರುವುವು. ಹೈಸ್ಕೂಲಿನ ಬಾಲಿಕೆಯರಿಗೆ ಅಲ್ಲ.

ಬಾಲಿಕೆಯರ ಮಟ್ಟಿಗೆ ಹೇಳುವುದಾದರೆ, ಕೇಂದ್ರ ಸರ್ಕಾರದ ಪರಿಸರ ಮಂತ್ರಾಲಯವು 2001–02ರಲ್ಲಿ ರಾಷ್ಟ್ರೀಯ ಹಸಿರು ಪಡೆಯೆಂಬ ಏರ್ಪಾಡನ್ನು ಮಾಡಿ, ಜಿಲ್ಲೆಜಿಲ್ಲೆಯ ಶಾಲೆಗಳಲ್ಲಿ ಪರಿಸರ ಸಂಘಗಳನ್ನು ಸ್ಥಾಪಿಸಿತು. ಒಂದೊಂದು ಸಂಘಕ್ಕೆ ವರ್ಷಕ್ಕೆ 2,500 ರೂಪಾಯಿ, ಆಮೇಲೆ 5,000 ರೂಪಾಯಿಯಂತೆ ಸಹಾಯಧನವು ಸಿಕ್ಕುತ್ತಿತ್ತು. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆಯು ಬಂದಾಗ ಸರ್ಕಾರಿ ಶಾಲೆಗಳ ಇಂತಹ ಸಂಘಗಳಿಗೆ ಪ್ರಾಥಮಿಕದಲ್ಲಿ 5,000, ಹಿರಿಯ ಪ್ರಾಥಮಿಕದಲ್ಲಿ 15,000, ಪ್ರೌಢಶಾಲೆಯಲ್ಲಿ 25,000 ರೂಪಾಯಿಗಳ ತನಕ ಅವಕಾಶವಿಟ್ಟರು. ಇದಲ್ಲದೆ 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶವು ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರ ಶ್ರಮದಿಂದ ಹಳ್ಳಿಯ ಮಕ್ಕಳನ್ನೂ ತಲುಪಿತು; ಅಲ್ಲಿ ದೊರೆಯುವುದು ಹಣಕ್ಕಿಂತ ಹೆಚ್ಚಾಗಿ ಕೇಳುವ ಕಿವಿ.

ಇಷ್ಟು ಏರ್ಪಾಡುಗಳಿದ್ದರೂ ಊರಿನಲ್ಲಿ ಮರಗಳು ಏಕೆ ಹೆಚ್ಚಲಿಲ್ಲ ಎಂದು ವಾಚಕರು ಕೇಳಬಹುದು. ಇದಕ್ಕೆ ಇತರರ ಮೇಲೆ ತಪ್ಪು ಹೊರಿಸುವುದಕ್ಕಿಂತ ನಮ್ಮ ಶಾಲೆಯ ಕಥೆಯನ್ನೇ ಹೇಳುವುದು ನ್ಯಾಯ.

ಏಳೆಂಟು ವರ್ಷಗಳ ಹಿಂದೆ ನಮಗೆ 5,000 ರೂಪಾಯಿಗಳ ಒಂದು ಸಹಾಯಧನವು ಬಂದಿತು. ಯಾರಿಂದ ಬಂದಿತೆಂಬುದು ಇಲ್ಲಿ ಮುಖ್ಯವಲ್ಲ. ಬಂದುದು ಫೆಬ್ರವರಿ ತಿಂಗಳಲ್ಲಿ. ಮಾರ್ಚಿ 31ರೊಳಗೆ ಹಣ ಬಳಕೆ ಪ್ರಮಾಣಪತ್ರವನ್ನು ಕಳುಹಿಸಬೇಕೆಂದು ಕಾಗದದ ಕೆಳಗೆ ಬರೆದಿತ್ತು. ನಾವು ಉಪಾಧ್ಯಾಯಿನಿಯರು ಕೂಡಿ ಒಂದು ಗಂಟೆಯಲ್ಲಿ ತೀರ್ಮಾನ ಮಾಡಿದೆವು. ಹುಡುಗಿಯರನ್ನು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. 1,400 ರೂಪಾಯಿ ಬ್ಯಾನರಿಗೂ ಆಮಂತ್ರಣ ಪತ್ರಿಕೆಗೂ, 900 ರೂಪಾಯಿ ಅತಿಥಿಗಳ ಶಾಲು ಹಾರ ಉಪಾಹಾರಗಳಿಗೂ ಆಯಿತು. ಮಿಕ್ಕ 2,700 ರೂಪಾಯಿಗೆ 30 ರೂಪಾಯಿಯಂತೆ 90 ಸಸಿಗಳನ್ನು ತಂದೆವು. ಫೋಟೋ ತೆಗೆಸಿದೆವು. ಪ್ರಮಾಣಪತ್ರವನ್ನು ಗಡುವಿಗೆ ಮುಂಚೆಯೇ ಕಳುಹಿಸಿದೆವೆಂದು ಹೆಮ್ಮೆಯನ್ನೂ ಪಟ್ಟೆವು. ಮಾರ್ಚಿಯಲ್ಲಿ ಪರೀಕ್ಷೆಯ ಗಡಿಬಿಡಿ, ಏಪ್ರಿಲ್ ಮೇ ತಿಂಗಳಲ್ಲಿ ಬೇಸಿಗೆಯ ರಜೆ. ಮಲೆನಾಡಿನ ಬಾಗಿಲೆಂದು ಹೆಸರುಗೊಂಡ ಊರಾದರೂ ಶಿವಮೊಗ್ಗೆಯ ಏಪ್ರಿಲಿನ ಬಿಸಿಲಿಗೆ ಆ ಬಿರುದು ಗೊತ್ತಿಲ್ಲ. ಜೂನಿನಲ್ಲಿ ಶಾಲೆಯು ತೆರೆದಾಗ 90ರಲ್ಲಿ 14 ಸಸಿಗಳು ಜೀವದಿಂದಿದ್ದವು.

ನಾವು ಅದನ್ನು ಮರೆಯಬೇಕೆಂದಿದ್ದೆವು. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ಮಿಸ್, ಊಟದ ಡಬ್ಬಿ ತೊಳೆಯುವ ನಲ್ಲಿಯ ಹತ್ತಿರದವೇ 9 ಉಳಿದಿವೆ. ನೋಡಿದಿರಾ?” ಎಂದಳು. ನಾವು ನೋಡಿರಲಿಲ್ಲ. ಹೋಗಿ ನೋಡಿದರೆ ಮಾತು ನಿಜ. ಶಾಲೆಯು ನಡೆಯುತ್ತಿದ್ದಷ್ಟು ದಿನವೂ ಹುಡುಗಿಯರು ಡಬ್ಬಿ ತೊಳೆದ ನೀರು ಹರಿದು ಆ ಮೂಲೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿಯ ಸಸಿಗಳಿಗೆ ಬೇಸಿಗೆಯು ಬರುವುದರೊಳಗೆ ಬೇರು ಇಳಿದಿತ್ತು. ಯಾರೂ ಯೋಚಿಸದೆ ಆದ ಕೆಲಸವದು. ಯೋಚಿಸಿ ನೆಟ್ಟವು ಒಣಗಿದವು.

ಆ ವರ್ಷ ಉಪಾಧ್ಯಾಯಿನಿಯರೂ ಇಬ್ಬರು ಹಳೆಯ ವಿದ್ಯಾರ್ಥಿನಿಯರೂ ಸೇರಿ 3,000 ರೂಪಾಯಿಗಳನ್ನು ಕೂಡಿಸಿ, ಆ ಹುಡುಗಿಯೂ ಅವಳ ಗೆಳತಿಯರೂ ಸೇರಿದ 9 ಮಂದಿಯ ಕೈಯಲ್ಲಿ ಇಟ್ಟೆವು. ನಿಬಂಧನೆಗಳು ಎರಡೇ: ಖರ್ಚಿಗೆ ಮುಂಚೆ ಏನು ಮಾಡುವಿರೆಂದು ಒಂದು ಪುಟ ಬರೆದುಕೊಡಬೇಕು, ಖರ್ಚಾದ ಮೇಲೆ ಲೆಕ್ಕವನ್ನು ಸೂಚನಾಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಅವರು ಸಸಿಗಳಿಗೆ ಒಂದು ಕಾಸನ್ನೂ ಕೇಳಲಿಲ್ಲವೆಂಬುದು ನಮಗೆ ಆಶ್ಚರ್ಯವಾಯಿತು. ಹೊಂಗೆ, ನೇರಳೆ, ಬೇವುಗಳ ಸಸಿಗಳನ್ನು ಮನೆಗಳಿಂದಲೇ ತಂದರು, ಅದೂ 12 ಮಾತ್ರ. “ನಮಗೆ ಇಷ್ಟಕ್ಕೇ ನೀರು ಹೊರಲಿಕ್ಕೆ ಆಗುವುದು” ಎಂದು ಪುಟದಲ್ಲಿ ಬರೆದಿತ್ತು. ಹಣವೆಲ್ಲವೂ ನೀರಿಗೇ ಹೋಯಿತು: ಡಬ್ಬಿ ತೊಳೆಯುವ ಕಟ್ಟೆಯಿಂದ ಗಿಡಗಳ ಸಾಲಿಗೆ ಪೈಪು ಮತ್ತು ಅದರ ಜೋಡಣೆ 1,150 ರೂಪಾಯಿ, ಹಳೆಯ ಡ್ರಮ್ಮುಗಳು ಎರಡು, 900, ಬಿದಿರು ಮತ್ತು ತಂತಿಯ ಬೇಲಿ 520, ನೋಟುಪುಸ್ತಕ 60, ಆಟೋ ಬಾಡಿಗೆ 120. ನಲ್ಲಿಯ ಮೇಲೆ ‘ಇಲ್ಲಿ ಸೋಪು ಹಾಕಬೇಡಿ’ ಎಂದು ರಟ್ಟಿನಲ್ಲಿ ಬರೆದು ತೂಗುಹಾಕಿದರು. ರಜೆಯಲ್ಲಿ ಡಬ್ಬಿ ತೊಳೆಯುವವರಿಲ್ಲ, ಆದಕಾರಣ ಪೈಪಿನಲ್ಲಿ ನೀರೂ ಇಲ್ಲ. ಇದನ್ನು ಅವರು ಡಿಸೆಂಬರಿನಲ್ಲಿಯೇ ಯೋಚಿಸಿದ್ದರು. ಡ್ರಮ್ಮುಗಳು ಅದಕ್ಕೇ. ಸಮೀಪದಲ್ಲಿ ಮನೆಯಿದ್ದ ಐವರು ಸರದಿಯ ಪಟ್ಟಿಯನ್ನು ಮಾಡಿಕೊಂಡು ಎರಡು ತಿಂಗಳು ನೀರು ಹಾಕಿದರು. ಎರಡು ಬೇಸಿಗೆಗಳು ಕಳೆದ ಮೇಲೆ 12ರಲ್ಲಿ 10 ಗಿಡಗಳು ನಿಂತವು. ಒಂದನ್ನು ಬೀದಿಯ ದನವು ತಿಂದಿತು. ಇನ್ನೊಂದು ಗುಂಡಿ ತೋಡುವವರ ಗುದ್ದಲಿಗೆ ಸಿಕ್ಕಿತು.

ಲೆಕ್ಕದ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಖರ್ಚು ಒಟ್ಟು 2,750 ರೂಪಾಯಿ. ಡಬ್ಬಿಯಲ್ಲಿ 250 ಉಳಿಯಬೇಕು, ಇದ್ದುದು 210. ಲೆಕ್ಕವಿಡುತ್ತಿದ್ದ ಹುಡುಗಿಯು, ಆಟೋ ಓಡಿಸುವವರ ಮಗಳು, ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. “ನಲವತ್ತು ರೂಪಾಯಿ ತಾನೆ, ನಾವು ಹಾಕುತ್ತೇವೆ ಬಿಡು” ಎಂದೆವು. ಅವಳು ಒಪ್ಪಲಿಲ್ಲ. ಸೂಚನಾಫಲಕದ ಕಾಗದದಲ್ಲಿ ಕಡೆಯ ಸಾಲಾಗಿ ‘ಲೆಕ್ಕಕ್ಕೆ ಸಿಕ್ಕದ್ದು: ರೂ. 40’ ಎಂದು ತನ್ನ ಕೈಯಿಂದಲೇ ಬರೆದಳು. ಅಂತಹ ಸಾಲನ್ನು ನಮ್ಮ ಶಾಲೆಯ ದೊಡ್ಡ ಲೆಕ್ಕಪುಸ್ತಕದಲ್ಲಿ ಬರೆಯಲು ನಮಗೆ ಧೈರ್ಯವಿತ್ತೆ ಎಂದು ನಮ್ಮನ್ನು ನಾವೇ ಕೇಳಿಕೊಂಡೆವು.

ಸಣ್ಣ ಗ್ರಾಂಟಿನ ಮರ್ಮವು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಹಣವು ಸಣ್ಣದಾಗಿರುವುದು ಕೊಡುವವರ ಬಡತನದಿಂದಲ್ಲ. ಪಡೆಯುವವರ ಕೈಗೆ ಹಿಡಿಯುವಂತಿರಬೇಕೆಂದು. ಐವತ್ತು ಸಾವಿರವನ್ನು ಕೊಟ್ಟರೆ ಹದಿನಾಲ್ಕು ವರ್ಷದ ಹುಡುಗಿಯು ಅದನ್ನು ನಡೆಯಿಸಲಾರಳು. ನಾವು ನಡೆಯಿಸುವೆವು, ಅವಳು ಫೋಟೋದಲ್ಲಿ ನಿಲ್ಲುವಳು. ಮೂರು ಸಾವಿರವಾದರೆ ಅವಳೇ ಅಂಗಡಿಗೆ ಹೋಗಿ ಪೈಪಿನ ದರವನ್ನು ಕೇಳಿ, ಎರಡನೆಯ ಅಂಗಡಿಗೂ ಹೋಗಿ, ಮೊದಲನೆಯ ಅಂಗಡಿಗೆ ಹಿಂದಿರುಗಿ ಬರುವಳು. ಇನ್ನೊಂದು ಮಾತು. ಸಸಿ ನೆಡುವುದಕ್ಕೆ ಹಣ ಕೊಡುವವರು ಬಹುಜನ; ಎರಡನೆಯ ಬೇಸಿಗೆಗೆ ಹಣ ಕೊಡುವವರು ವಿರಳ. ಜೂನ್ 5ರ ದಿನ ನೆಟ್ಟ ಗಿಡಕ್ಕೆ ಮಳೆಯೇ ತಾಯಿ. ಮುಂದಿನ ಮಾರ್ಚಿಯಲ್ಲಿ ಅದಕ್ಕೆ ಯಾರೂ ಇಲ್ಲ. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ 385 ಆಲದ ಮರಗಳನ್ನು ಬೆಳೆಯಿಸಿದ ಸಾಲುಮರದ ತಿಮ್ಮಕ್ಕನವರು, 2025ರ ನವೆಂಬರಿನಲ್ಲಿ ತೀರಿಕೊಂಡಾಗ, ನಾಡೆಲ್ಲವೂ ಅವರು ಗಿಡ ನೆಟ್ಟುದನ್ನು ಕೊಂಡಾಡಿತು. ಆ ದಂಪತಿಗಳು ಕೊಡಗಳಲ್ಲಿ ನೀರನ್ನು ಹೊತ್ತು ಮೈಲಿಗಟ್ಟಲೆ ನಡೆದುದೇ ದೊಡ್ಡ ಕೆಲಸವೆಂದು ನಮಗೆ ತೋರುವುದು.

ಹಣವೇ ಇಲ್ಲದೆ ತರುಣರು ಮಾಡಿದ ಕೆಲಸಗಳೂ ನಮ್ಮ ನೆರೆಯಲ್ಲಿಯೇ ಉಂಟು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಬಳಿಯ ಸಾಲ್ಕಣಿಯ ಜನರು ಕಾಡಿನೊಳಕ್ಕೆ ಹೋಗಿ ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಆ ‘ಅಪ್ಪಿಕೋ’ ಚಳುವಳಿಯ ಹಿಂದೆ ಹಳ್ಳಿಯ ಯುವಕ ಮಂಡಳಿಯಿತ್ತು. ನಮ್ಮ ಭದ್ರೆಯ ಮೂಲದ ಕಡೆ ಕುದುರೆಮುಖದ ಗಣಿಯು, 2002ರ ಸುಪ್ರೀಂ ಕೋರ್ಟಿನ ಆಜ್ಞೆಯ ಪ್ರಕಾರ, 2005ರ ಕಡೆಗೆ ನಿಂತಿತು. ಅದಕ್ಕಾಗಿ ದುಡಿದವರಲ್ಲಿಯೂ ತರುಣರು ಅನೇಕರು. ಇವುಗಳನ್ನು ಹೇಳುವುದು ಹುಡುಗಿಯರನ್ನು ಚಳುವಳಿಗೆ ಕಳುಹಿಸುವುದಕ್ಕಲ್ಲ. ಈ ಸೀಮೆಯ ಕಾಡು ನಮ್ಮನ್ನು ಸಾಕಿದೆಯೆಂಬುದನ್ನು ಮರೆಯಬಾರದೆಂದು ಹೇಳುತ್ತೇವೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಕುಲುಮೆಯು ಉರಿದುದು ನಮ್ಮ ಕಾಡಿನ ಮರದ ಇದ್ದಿಲಿನಿಂದ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಹೋದುದು ನಮ್ಮ ಕಾಡಿನ ಬಿದಿರು. ಅಲ್ಲಿಯ ಸಂಬಳದಿಂದ ಫೀಜು ಕಟ್ಟಿ ಓದಿದ ಹುಡುಗಿಯರ ಹೆಸರುಗಳು ನಮ್ಮ ಹಳೆಯ ಹಾಜರಿ ಪುಸ್ತಕಗಳಲ್ಲಿ ಬೇಕಾದಷ್ಟು ಇವೆ.

ಇನ್ನು ಯಾವ ಕೆಲಸಕ್ಕೆ ಗ್ರಾಂಟು ಕೊಡಬಹುದು? ಗಿಡ ನೆಡುವುದೊಂದೇ ನಿಸರ್ಗಸೇವೆಯೆಂದು ತಿಳಿಯಬಾರದು. ಒಂದೇ ಮರವನ್ನು ವರ್ಷವಿಡೀ ನೋಡುವುದೂ ಸೇವೆಯೇ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ನಡೆಯಿಸುವ ‘ಸೀಸನ್‌ವಾಚ್’ ಎಂಬ ಏರ್ಪಾಡಿನಲ್ಲಿ ಮಕ್ಕಳು ಮಾವು, ಹುಣಿಸೆ, ಹಲಸು ಮೊದಲಾದ ಮರವೊಂದನ್ನು ಆರಿಸಿಕೊಂಡು, ವಾರವಾರವೂ ಚಿಗುರು, ಹೂ, ಕಾಯಿ ಎಷ್ಟೆಂದು ಬರೆದು ಕಳುಹಿಸುವರು. ಋತುಗಳ ಹದವು ಹೇಗೆ ತಪ್ಪುತ್ತಿದೆಯೆಂಬುದು ಇಂತಹ ಸಾವಿರಾರು ನೋಟುಪುಸ್ತಕಗಳಿಂದಲೇ ತಿಳಿಯತಕ್ಕದ್ದು. ಇದಕ್ಕೆ ಬೇಕಾದುದು ಒಂದು ಪೆನ್ಸಿಲು, ಮತ್ತು ಮರೆಯದ ಸ್ವಭಾವ. ತೀರ್ಥಹಳ್ಳಿಯ ದಾರಿಯ ಮಂಡಗದ್ದೆಯಲ್ಲಿ ತುಂಗೆಯ ನಡುವಣ ಎಕರೆಯಷ್ಟರ ನಡುಗಡ್ಡೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವುವು. ದಡದಿಂದ ನೋಡಿ ಎಣಿಸುವುದಕ್ಕೆ ಬಸ್ಸಿನ ಬಾಡಿಗೆಯೂ ಒಂದು ದುರ್ಬೀನೂ ಸಾಕು. ಗೂಡುಗಳನ್ನಾಗಲಿ ಮೊಟ್ಟೆಗಳನ್ನಾಗಲಿ ಕಲಕುವುದನ್ನು 1972ರ ವನ್ಯಜೀವಿ ಕಾಯಿದೆಯು ನಿಷೇಧಿಸುವುದೆಂಬುದನ್ನು ಮೊದಲೇ ಹೇಳಿಕೊಡಬೇಕು. ನವುಲೆಯ ಕೆರೆಗೆ ಯಾವ ಯಾವ ಚರಂಡಿಗಳು ಎಲ್ಲಿ ಸೇರುವುವೆಂಬ ನಕ್ಷೆಯನ್ನು ಬರೆಯುವುದೂ ಒಳ್ಳೆಯ ಕೆಲಸ. ಅದನ್ನು ನಗರಪಾಲಿಕೆಯ ಅಧಿಕಾರಿಗಳ ಮುಂದೆ ಇಡಬಹುದು.

ಬೇಡಿಕೆಯ ಪತ್ರವನ್ನು ಬರೆಯುವ ಕ್ರಮವನ್ನು ಹುಡುಗಿಯರಿಗೆ ನಾವು ಹೇಳಿಕೊಡುವುದು ಹೀಗೆ. ‘ಪ್ರಕೃತಿಯನ್ನು ಉಳಿಸಬೇಕು’ ಎಂದು ಪ್ರಾರಂಭಿಸಿದ ಪತ್ರವನ್ನು ಹಿಂದಕ್ಕೆ ಕೊಡುತ್ತೇವೆ. ಎಲ್ಲಿ, ಏನು ಕೆಟ್ಟಿದೆ, ನೀನೇ ಕಂಡೆಯಾ, ಎಷ್ಟು ಸಲ ಕಂಡೆ ಎಂಬುದು ಮೊದಲು ಬರಬೇಕು. ಆಮೇಲೆ, ಏನು ಮಾಡುವೆ, ಯಾರ ಅಪ್ಪಣೆ ಬೇಕು, ಯಾವ ತಿಂಗಳಿನಲ್ಲಿ ಯಾರು ಮಾಡುವರು. ಆಯವ್ಯಯದ ಅಂದಾಜಿನಲ್ಲಿ ಅಂಗಡಿಯ ದರವನ್ನು ವಿಚಾರಿಸಿ ಬರೆಯಬೇಕು, ಊಹೆಯಿಂದಲ್ಲ. ಕಡೆಯಲ್ಲಿ ಒಂದು ಪ್ರಶ್ನೆಯುಂಟು. ಅದಕ್ಕೆ ಉತ್ತರ ಬರೆಯುವಾಗಲೇ ಅನೇಕರು ಪೆನ್ನನ್ನು ಕಚ್ಚುತ್ತ ಕೂರುವುದನ್ನು ಕಂಡಿದ್ದೇವೆ: ‘ನೀನು ಈ ಶಾಲೆಯನ್ನು ಬಿಟ್ಟ ಮೇಲೆ ಇದನ್ನು ಯಾರು ನೋಡಿಕೊಳ್ಳುವರು?’

ಪೋಷಕರ ಆಕ್ಷೇಪಣೆಗೆ ಬರೋಣ. ರಜೆಯ ಸರದಿಯ ವಿಷಯವಾಗಿ ತಂದೆಯೊಬ್ಬರು ಕೋಪದಿಂದಲೇ ಬಂದು, “ಮೇಡಂ, ನಿಮ್ಮ ಗಿಡಕ್ಕೋಸ್ಕರ ನಮ್ಮ ಹುಡುಗಿ ಒಬ್ಬಳೇ ರಸ್ತೆ ದಾಟಬೇಕೇನು?” ಎಂದರು. ಅವರು ಹೇಳಿದುದು ಸರಿ. ನಾವು ಅದನ್ನು ಯೋಚಿಸಿರಲಿಲ್ಲ. ಆ ದಿವಸದಿಂದ ಇಬ್ಬರಿಗೆ ಕಡಿಮೆಯಾಗಿ ಯಾರೂ ಬರಕೂಡದು, ಬೆಳಿಗ್ಗೆ 8ರೊಳಗೆ ಕೆಲಸವು ಮುಗಿಯಬೇಕು, ಶಾಲೆಯ ಆಯಾ ಜೊತೆಯಲ್ಲಿರಬೇಕು ಎಂದು ಮಾಡಿದೆವು. ಆಯಾಳಿಗೆ ಕೊಡುವ ರಜೆಯ ಕೂಲಿಯನ್ನು ಅಂದಾಜಿನಲ್ಲಿಯೇ ಸೇರಿಸಿದೆವು. ಕೆರೆಯ ಹತ್ತಿರ ಹೋಗುವ ಕೆಲಸಕ್ಕೆ ಉಪಾಧ್ಯಾಯಿನಿಯೊಬ್ಬರಿಲ್ಲದೆ ಅಪ್ಪಣೆಯಿಲ್ಲ. ಎಸ್. ಎಸ್. ಎಲ್. ಸಿ. ತರಗತಿಯವರನ್ನು ಮುಂದಾಳುಗಳಾಗಿ ತೆಗೆದುಕೊಳ್ಳುವುದಿಲ್ಲ. ಒಂಬತ್ತನೆಯ ತರಗತಿಯ ಕಡೆಯಲ್ಲಿ ಅವರು ಪುಸ್ತಕವನ್ನೂ ಡಬ್ಬಿಯನ್ನೂ ಕೆಳಗಿನವರಿಗೆ ಒಪ್ಪಿಸಬೇಕು. ಹೀಗಿದ್ದರೂ ಆ 9 ಮಂದಿಯಲ್ಲಿ ಒಬ್ಬಳ ಅಂಕಗಳು ಆ ವರ್ಷ ಇಳಿದುವೆಂಬುದನ್ನು ಮರೆಮಾಚುವುದಿಲ್ಲ. ಗಿಡಗಳಿಂದಲೇ ಇಳಿದುವೋ ಬೇರೆ ಕಾರಣವಿತ್ತೋ ನಾವು ತೀರ್ಪು ಹೇಳಲಾರೆವು. ಅವಳ ತಾಯಿಯೊಡನೆ ಕುಳಿತು ಮಾತನಾಡಿದೆವು. ಅವಳ ಸರದಿಯನ್ನು ಕಡಿಮೆ ಮಾಡಿದೆವು.

ಹಣ ಕೊಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗೆ, ವಿಶೇಷವಾಗಿ ಹೊರದೇಶಗಳಲ್ಲಿ ನೆಲೆಸಿರುವವರಿಗೆ, ಒಂದು ಕಾಯಿದೆಯ ಮಾತು. 2010ರ ವಿದೇಶೀ ವಂತಿಗೆ ಕಾಯಿದೆಯ ಪ್ರಕಾರ, ನೋಂದಣಿಯಾಗಲಿ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆಯು ಹೊರದೇಶದ ದಾನವನ್ನು ತೆಗೆದುಕೊಳ್ಳಕೂಡದು. 2020ರ ತಿದ್ದುಪಡಿಯ ಮೇಲೆ ನೋಂದಣಿಯಿರುವವರೂ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೆ ಮಾತ್ರ ಅದನ್ನು ಬರಮಾಡಿಕೊಳ್ಳಬೇಕು. ಭಾರತದ ಪ್ರಜೆಯಾಗಿಯೇ ಇದ್ದು ಹೊರದೇಶದಲ್ಲಿ ಸಂಪಾದಿಸುತ್ತಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವು ವಿದೇಶೀ ವಂತಿಗೆಯೆನಿಸುವುದಿಲ್ಲ. ಆದರೆ ಬೇರೆ ದೇಶದ ಪ್ರಜಾಹಕ್ಕನ್ನು ಪಡೆದವರು, ಭಾರತದ ಮೂಲದವರೇ ಆದರೂ, ಕೊಡುವ ಹಣವು ವಿದೇಶೀ ವಂತಿಗೆಯೇ. ಆದುದರಿಂದ ಕಳುಹಿಸುವ ಮುಂಚೆ ನಮಗೆ ಒಂದು ಕಾಗದ ಬರೆಯಿರಿ. ಬಹು ಪ್ರೀತಿಯಿಂದ ಬಂದ ಹಣವನ್ನು ಹಿಂದಕ್ಕೆ ಕಳುಹಿಸಬೇಕಾದ ಸಂಕಟವು ನಮಗೆ ಬಾರದಿರಲಿ. ಇನ್ನೊಂದು ಕೋರಿಕೆ: ಒಂದೇ ಸಲ ಹತ್ತು ಸಾವಿರ ಕೊಡುವುದಕ್ಕಿಂತ ವರ್ಷವರ್ಷವೂ ಎರಡು ಸಾವಿರದಂತೆ ಐದು ವರ್ಷ ಕೊಟ್ಟರೆ ನಮಗೆ ಹೆಚ್ಚು ಉಪಕಾರ. ಹಣವು ಜೂನಿನಲ್ಲಿ ಬರಲಿ, ಫೆಬ್ರವರಿಯಲ್ಲಿ ಬೇಡ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಏರ್ಪಾಡು ನಮ್ಮಲ್ಲಿಲ್ಲ; ಸೂಚನಾಫಲಕದ ಲೆಕ್ಕದ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುತ್ತೇವೆ.

ಈ ವರ್ಷ ಮೂರು ಬೇಡಿಕೆಗಳು ಬಂದಿವೆ. ಮೊದಲನೆಯದು ಅಂಗಳದ ಹಳೆಯ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆಯುವುದಕ್ಕೆ ಹಗ್ಗವೂ ಟೇಪೂ ಬೇಕೆಂಬುದು, ಕೂಡಲೆ ಕೊಟ್ಟೆವು. ಎರಡನೆಯದು ಗುಬ್ಬಿಗಳಿಗೆ 40 ಮರದ ಗೂಡುಗಳು ಬೇಕೆಂಬುದು. ಗುಬ್ಬಿಯನ್ನು ಈ ವರ್ಷ ಎಲ್ಲಿ ಕಂಡಿರಿ ಎಂದು ಕೇಳಿ ಹಿಂದಕ್ಕೆ ಕೊಟ್ಟಿದ್ದೇವೆ. ಮೂರನೆಯದು ಎಂಟನೆಯ ತರಗತಿಯ ನಾಲ್ವರು ಹುಡುಗಿಯರದು. ಶಾಲೆಯ ಹಿಂದಣ ಬೀಳಿನಲ್ಲಿ ಕಾಂಗ್ರೆಸ್ ಗಿಡವು ಸೊಂಟದೆತ್ತರ ಬೆಳೆಯುವುದು. ಹಿಂದೊಮ್ಮೆ ಕೈಚೀಲಗಳಿಲ್ಲದೆ ಅದನ್ನು ಕೀಳಿಸಿ, ಇಬ್ಬರು ಮಕ್ಕಳ ಕೈಗಳಲ್ಲಿ ತುರಿಕೆಯೆದ್ದು, ನಾವು ಅವರ ಮನೆಗಳಿಗೆ ಹೋಗಿ ಕ್ಷಮೆ ಕೇಳಿದುದುಂಟು. ಈ ಹುಡುಗಿಯರು ಕೀಳುವ ಮಾತನ್ನೆತ್ತಿಲ್ಲ. ಆ ಗಿಡದ ಎಲೆಗಳನ್ನು ತಿನ್ನುವ ಪಟ್ಟೆಪಟ್ಟೆಯ ಸಣ್ಣ ದುಂಬಿಯೊಂದನ್ನು ಕಂಡಿದ್ದಾರೆ. 1984ರಲ್ಲಿ ವಿಜ್ಞಾನಿಗಳು ಮೆಕ್ಸಿಕೋದ ಕಡೆಯಿಂದ ತರಿಸಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿಯದು. ಮಳೆಗಾಲದಲ್ಲಿ ಎಲೆ ತಿಂದು ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗಿರುವುದು. ಜೂನಿನಿಂದ ನವೆಂಬರಿನ ತನಕ ಹತ್ತು ಗಿಡಗಳಿಗೆ ದಾರ ಕಟ್ಟಿ, ಶನಿವಾರ ಶನಿವಾರ ಎಷ್ಟು ದುಂಬಿ, ಎಷ್ಟು ಎಲೆ, ಎಷ್ಟು ಹೂ ಎಂದು ಎಣಿಸುವರಂತೆ. ಕೇಳಿರುವುದು 340 ರೂಪಾಯಿ: ರಬ್ಬರಿನ ಕೈಚೀಲ ನಾಲ್ಕು ಜೊತೆ, ಕೆಂಪು ದಾರದ ಉಂಡೆಯೊಂದು, ಭೂತಗನ್ನಡಿಯೊಂದು, ನೋಟುಪುಸ್ತಕವೊಂದು. ಕಡೆಯ ಪ್ರಶ್ನೆಗೆ, ಏಳನೆಯ ತರಗತಿಯಲ್ಲಿರುವ ತಮ್ಮ ತಂಗಿಯರಿಬ್ಬರ ಹೆಸರುಗಳನ್ನು ಬರೆದು, ಅವರ ರುಜುವನ್ನೂ ಹಾಕಿಸಿದ್ದಾರೆ. ಹಣವನ್ನು ಮಂಜೂರು ಮಾಡಿದ್ದೇವೆ. ದಾರವನ್ನು ಮಾತ್ರ ಹೊಲಿಗೆಯ ತರಗತಿಯಿಂದ ಕೊಡಿಸಿ, 20 ರೂಪಾಯಿಯನ್ನು ಕಡಿಮೆ ಮಾಡಿದೆವು.